ಸೊಳ್ಳೆ ಹಿಡಿಯುವ ಸೀತಾರಾಮಪ್ಪ

ಇನ್ನೂ ನಸುಕು. ತೆಲುಗು ಸೀಮೆಯ ಗಡಿಯಲ್ಲಿ, ಕಂಬದೂರಿನ ಹತ್ತಿರದ ಹಳ್ಳಿಯೊಂದರಲ್ಲಿ, ಗೌರಕ್ಕನ ಕೊಟ್ಟಿಗೆಯೊಳಗೆ ಆರೋಗ್ಯ ಇಲಾಖೆಗೆ ಸೊಳ್ಳೆ ಹಿಡಿದುಕೊಡುವ ಸೀತಾರಾಮಪ್ಪ ಬಾಯಲ್ಲಿ ರಬ್ಬರ್ ಕೊಳವೆ ಕಚ್ಚಿಕೊಂಡು, ಟಾರ್ಚು ಹಿಡಿದು ಗೋಡೆ ಹುಡುಕುತ್ತಿದ್ದಾರೆ. ಕೊಳವೆಯ ತುದಿಗೆ ಗಾಜಿನ ಟ್ಯೂಬು. ಕೂತ ಸೊಳ್ಳೆಯ ಮೇಲಿಟ್ಟು ಉಸಿರೆಳೆದರೆ ಅದು ಒಳಗೆ. ಬಾಯಿಗೆ ಬಾರದಂತೆ ನಡುವೆ ತೆಳುಬಟ್ಟೆ ಇದೆ. ಇವತ್ತು ಎಳೆಯಲು ಒಂದು ಸೊಳ್ಳೆಯೂ ಇಲ್ಲ.

"ಏನಕ್ಕ, ಬೇವಿನ ಹೊಗೆ ಹಾಕ್ಬುಟ್ಟಾ?"

"ಆಫೀಸರ್ ಬತ್ತಾರೆ ಅಂದ್ರು ಕಣಪ್ಪ. ನೀಟಾಗಿರ್ಲಿ ಅಂತ ಸಂಜೇನೇ ಹಾಕ್ದೆ," ಎನ್ನುತ್ತಾರೆ ಗೌರಕ್ಕ, ಹೆಮ್ಮೆಯಿಂದಲೇ.

ದೊಡ್ಡವರು ಬರುತ್ತಾರೆಂದರೆ ಗುಡಿಸಿ ಸಾರಿಸುವುದು ನಮ್ಮವರ ಮರ್ಯಾದೆ. ಇವತ್ತು ಆ ಮರ್ಯಾದೆಯೇ ಕುತ್ತಿಗೆಗೆ ಬಂದಿದೆ. ಗೌರಕ್ಕನ ಮೊಮ್ಮಗಳು ಮಿದುಳು ಜ್ವರ ಬಂದು ಹಿಂದೂಪುರದಲ್ಲಿ, ತಾಯಿಯ ತವರಿನ ಹತ್ತಿರದ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾಳೆ. ಅವಳ ಕಾಯಿಲೆ ಅಲ್ಲಿಯ ಲೆಕ್ಕಕ್ಕೆ ಸೇರಿಹೋಗಿದೆ. ಈ ಊರಿನ ಪಾಲಿಗೆ ಸಾಕ್ಷಿ ಎಂದರೆ ಸೊಳ್ಳೆಯೇ. ಅದು ಕಲ್ಯಾಣದುರ್ಗದಿಂದ ಈ ಬೆಳಿಗ್ಗೆ ಪರೀಕ್ಷೆಯ ಲ್ಯಾಬಿಗೆ ಹೊರಡುವ ಜೀಪು ಸೇರದಿದ್ದರೆ, ಮದ್ದು ಹೊಡೆಯುವವರು ಬೇರೆ ಊರಿಗೆ ಹೋಗುತ್ತಾರೆ. ಇಲ್ಲಿ ಇನ್ನೂ ಎಷ್ಟೋ ಮಕ್ಕಳಿದ್ದಾರೆ.

ಸೀತಾರಾಮಪ್ಪ ಹಿಂದೂಪುರದ ನೇಕಾರರ ಮನೆಯವರು. ಎಪ್ಪತ್ತರ ದಶಕದಲ್ಲಿ ಮಗ್ಗ ಬಿಟ್ಟು ಈ ಕೆಲಸಕ್ಕೆ ಸೇರಿದ ದಿನದಿಂದ ಬಸ್ಸಿನಲ್ಲೂ ಬೀದಿಯಲ್ಲೂ ಅವರು 'ದೋಮಲ ಸೀತಾರಾಮಪ್ಪ'. ತೆಲುಗಿನಲ್ಲಿ ದೋಮ ಎಂದರೆ ಸೊಳ್ಳೆ. ನಗುವವರು ನಗಲಿ, ಜ್ವರದ ವಿಷಯ ಬಂದರೆ ಅವರ ಮಾತು ನಿಲ್ಲುವುದಿಲ್ಲ.

"ಸೊಳ್ಳೆ ಕಚ್ಚಿದ್ರೆ ವೈರಸ್ಸು ರಕ್ತಕ್ಕೆ ಬತ್ತದೆ. ಮಿದುಳಿನ ರಕ್ತನಾಳದ ಗೋಡೆ ನಮ್ ಮಗ್ಗದ ಒತ್ತು ನೇಯ್ಗೆ ಇದ್ದಂಗೆ ಕಣಪ್ಪ, ಸಿಕ್ಕಿದ್ದನ್ನೆಲ್ಲ ಒಳಕ್ಕೆ ಬಿಡಾಕಿಲ್ಲ. ಬಾಳ ಮಕ್ಳಿಗೆ ಏನೂ ಆಗಾಕಿಲ್ಲ. ಒಂದೊಂದು ಮಗೀಗೆ ಅದ್ಹೆಂಗೋ ದಾಟ್ಬುಡ್ತದೆ. ಹೆಂಗೆ ಅಂತ ಡಾಕ್ಟ್ರಿಗೂ ಪೂರ್ತಿ ಗೊತ್ತಿಲ್ವಂತೆ. ದಾಟಿದ್ಮೇಲೆ ಮಿದುಳು ಊದ್ತದೆ, ಫಿಟ್ಸ್ ಬತ್ತದೆ. ವೈರಸ್ಸು ಕೊಲ್ಲೋ ಮದ್ದೇ ಇಲ್ಲ."

ಹೊತ್ತು ಏರುತ್ತಿದೆ. ಸೀತಾರಾಮಪ್ಪ ಒಂದು ಗಳಿಗೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿ, ಪಂಚೆ ಎತ್ತಿಕಟ್ಟಿ ಕೆರೆಯ ಹಿಂದಿನ ಹಂದಿಗೂಡುಗಳ ಕಡೆ ಓಡುತ್ತಾರೆ. ಈ ವೈರಸ್ಸು ಹೆಚ್ಚಾಗಿ ಬೆಳೆಯುವುದು ಹಂದಿಯ ರಕ್ತದಲ್ಲಿ; ಅದನ್ನು ಕಚ್ಚಿದ ಸೊಳ್ಳೆಗಳು ಅಲ್ಲೇ ಸಿಗಬೇಕು. ಸ್ನಾನ ಮಾಡದೆ ಮಗ್ಗ ಮುಟ್ಟದ ಮನೆತನದ ಮನುಷ್ಯ ಕೆಸರಿನಲ್ಲಿ ಮೊಣಕಾಲೂರಿ ತೆವಳುತ್ತಾರೆ. ದಡದಲ್ಲಿ ನಿಂತವರು ಮೂಗು ಮುಚ್ಚಿಕೊಳ್ಳುತ್ತಾರೆ. ಹೊರಗೆ ಬಂದಾಗ ಟ್ಯೂಬುಗಳ ತುಂಬ ಸೊಳ್ಳೆ. ಮೈ ತೊಳೆಯಲೂ ನಿಲ್ಲದೆ ಬಸ್ಸು ಹತ್ತುತ್ತಾರೆ. ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತದೆ.

ಜೀಪು ಸಿಕ್ಕಿತು, ಮದ್ದೂ ಬಂತು. ಆ ವರ್ಷ ಊರಿನಲ್ಲಿ ಇನ್ನೊಂದು ಮಗು ಕಾಯಿಲೆ ಬೀಳಲಿಲ್ಲ. ಗೌರಕ್ಕನ ಮೊಮ್ಮಗಳು ಬದುಕಿ ಮನೆಗೆ ಬಂದಿದ್ದಾಳೆ. ಬಲಗೈ ಮಾತ್ರ ಅವಳ ಮಾತು ಕೇಳುತ್ತಿಲ್ಲ.

"ಹೋದಾಗೆಲ್ಲ ಅವಳೇ ನೀರು ತತ್ತಾಳೆ, ಎಡಗೈಲಿ. ಎಡಗೈಲಿ ಕೊಡ್ಬಾರ್ದು ಕಣಮ್ಮ ಅಂತ ಗೌರಕ್ಕ ಗದರ್ತಾಳೆ," ಎನ್ನುತ್ತಾರೆ ಸೀತಾರಾಮಪ್ಪ. "ನಾನು ಎರಡೂ ಕೈ ಒಡ್ಡಿ ಇಸ್ಕೊಂತೀನಿ."