ಅಪ್ಪನ ಹೆಸರಿನ ಲೋಟಗಳು

ಈ ತಿಂಗಳ ಮೊದಲ ಭಾನುವಾರ ರಾಣೇಬೆನ್ನೂರಿನ ನಮ್ಮ ಚರ್ಚಿನಲ್ಲಿ ಎಲ್ಲರೂ ನನಗೆ ಚಪ್ಪಾಳೆ ತಟ್ಟಿದರು. ಹೊದಿಸಲು ಶಾಲು ಕೂಡ ತಂದಿದ್ದರು. ನಾನು ಬೇಡ ಅಂದೆ. (ದೇವರ ಕೆಲಸಕ್ಕೆ ಸನ್ಮಾನ ಯಾಕ್ರೀ ಅಂದೆ. ಅದಕ್ಕೆ ಇನ್ನೊಂದು ಸಲ ಚಪ್ಪಾಳೆ.)

ನಾನು ಮಾಡಿದ ಘನಕಾರ್ಯ ಇಷ್ಟೇ. ಹೆಬ್ಬೆರಳಿನಷ್ಟು ಸಣ್ಣ ಸ್ಟೀಲ್ ಲೋಟಗಳನ್ನು, ಅವನ್ನು ಜೋಡಿಸಿಡುವ ಟ್ರೇ ಸಮೇತ, ತೀರಿಹೋದ ನಮ್ಮಪ್ಪನ ಹೆಸರಿನಲ್ಲಿ ಚರ್ಚಿಗೆ ದಾನ ಕೊಟ್ಟೆ.

ಎಂಥ ಒಳ್ಳೆಯ ಮಗಳು, ಅಲ್ಲವೆ?

ತಡೆಯಿರಿ. ಆ ಲೋಟ ಯಾಕೆ ಬಂತು ಅಂತ ಕೇಳಿ, ಆಮೇಲೆ ಹೇಳಿ.

ಚರ್ಚಿಗೆ ಹೋಗದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ತಿಂಗಳಿಗೊಮ್ಮೆ, ಮೊದಲ ಭಾನುವಾರ, ನಮ್ಮಲ್ಲಿ ಕರ್ತನ ಭೋಜನ ಅಂತ ಇರುತ್ತದೆ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಈ ಲೋಟಗಳು ಬರುವ ತನಕ ರಸ ಇರುತ್ತಿದ್ದುದು ಒಂದೇ ಪಾತ್ರೆಯಲ್ಲಿ. ಸಾಲಾಗಿ ಮೊಣಕಾಲೂರಿದವರ ಮುಂದೆ ಪಾಸ್ಟರ್ ಅದನ್ನು ಹಿಡಿದುಕೊಂಡು ಬರುತ್ತಿದ್ದರು. ಒಬ್ಬರು ಗುಟುಕರಿಸಿದ ಮೇಲೆ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಸ್ವಲ್ಪ ತಿರುಗಿಸಿ, ಇನ್ನೊಬ್ಬರಿಗೆ. ಕೋರ್ಟಿನ ವಕೀಲರೂ ಅದರಲ್ಲೇ, ಆ ಕೋರ್ಟಿನ ಕಸ ಹೊಡೆಯುವವರೂ ಅದರಲ್ಲೇ.

ಈಗ ನನ್ನ ತಂಗಿಯ ವಿಷಯ.

ಸುಗುಣಾ ನನಗಿಂತ ಬಹಳ ಚಿಕ್ಕವಳು. ನಾನೇ ಎತ್ತಿ ಆಡಿಸಿದವಳು. ಅವಳ ಗಂಡ ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡು ಒಯ್ಯುವ ಲಾರಿ ಡ್ರೈವರ್. ಹೋದ ವರ್ಷ ತೀರಿಕೊಂಡ. ತನಗಿದ್ದ ಎಚ್‌ಐವಿಯನ್ನು ಅವಳಿಗೆ ಬಿಟ್ಟು ಹೋದ. ಮಣ್ಣು ಮಾಡಿ ವಾರವಾಗಿರಲಿಲ್ಲ, ಅತ್ತೆಮನೆಯವರು ರೋಗದ ಸುದ್ದಿ ಊರಿಗೆಲ್ಲ ಸಾರಿ ಅವಳ ಟ್ರಂಕನ್ನು ಅಂಗಳಕ್ಕಿಟ್ಟರು. ನಾನು ಹೋಗಿ ಕರೆದುಕೊಂಡು ಬಂದೆ. ಆಗ ಇದೇ ಅಂಕಣದಲ್ಲಿ, ಯಾರ ಹೆಸರೂ ಹೇಳದೆ, ಅಂಥ ಅತ್ತೆಮನೆಗಳಿಗೆ ಚೆನ್ನಾಗಿ ಉಗಿದಿದ್ದೆ. ನೀವೂ ಮೆಚ್ಚಿ ಕಾರ್ಡು ಹಾಕಿದ್ದಿರಿ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಈಗ ಇದಕ್ಕೆ ಪುಕ್ಕಟೆ ಗುಳಿಗೆ ಕೊಡುತ್ತಾರೆ. ಮೊದಲ ಸಲ ಜೊತೆಗೆ ಹೋದವಳು ನಾನೇ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಇದು ಬರುವುದಿಲ್ಲ ಎಂದು ಡಾಕ್ಟರು ನಿಧಾನವಾಗಿ, ಎರಡೆರಡು ಸಲ ಹೇಳಿದರು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ತಿಳಿಯಿತು. ತಿಳಿಯಲಿಲ್ಲ ಎಂಬ ನೆಪ ನನಗಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ, ನಾನೇ ಡಾಕ್ಟರ್ ಎಂಬಂತೆ, ಅವಳಿಗೆ ಅದನ್ನೆಲ್ಲ ಮತ್ತೆ ಬೋಧಿಸಿದೆ.

ಮನೆಗೆ ಬಂದು ಅವಳು ನೀರು ಕುಡಿದ ಲೋಟವನ್ನು ಎರಡು ಸಲ ಸೋಪು ಹಚ್ಚಿ ತೊಳೆದೆ.

ಅಂಜಿಕೆಗೆ ಡಾಕ್ಟರ ಮಾತು ಕೇಳಿಸುವುದಿಲ್ಲ ನೋಡಿ.

ಆಮೇಲೆ ಬಂದ ಮೊದಲ ಕರ್ತನ ಭೋಜನ. ಚರ್ಚಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂಡುತ್ತಾಳೆ, ದಾರಿಯ ಬದಿಗೆ. ನಮ್ಮ ಸಾಲು ಎದ್ದಾಗ ಅವಳು ಮುಂದೆ, ನಾನು ಹಿಂದೆ ಆಗಬೇಕು. ನಾನು ಅವಳ ಸೆರಗು ಹಿಡಿದು ಎಳೆದೆ. "ತಡೀ, ನನಗ ಮೊಣಕಾಲು ಬ್ಯಾನಿ ಆಗೈತಿ, ಲಗೂ ಹೋಗಿ ಬರ್ತೀನಿ" ಅಂದೆ. ದಾಟಿಕೊಂಡು ಮುಂದೆ ಹೋದೆ. ಮೊಣಕಾಲು ನೋವಿನವಳು ಮೊಣಕಾಲೂರಲು ಓಡಿದೆ!

ಮುಂದಿನ ತಿಂಗಳೂ ಹಾಗೇ. ಮೂರನೆಯ ತಿಂಗಳು ನೋಡುತ್ತೇನೆ, ಹೆಂಗಸರ ಇಡೀ ಬದಿ ಅವಳಿಗಿಂತ ಮೊದಲು ಎದ್ದು ನಿಂತಿದೆ. ಸುಗುಣಾ ಎಲ್ಲರೂ ಮುಗಿಯಲಿ ಎಂದು ಕಾದು, ಕೊನೆಗೆ ಒಬ್ಬಳೇ ಹೋಗಿ ಮೊಣಕಾಲೂರಿದಳು. ಅವರಿಗೆ ಇದನ್ನು ಕಲಿಸಿದವರು ಯಾರು?

ನಮ್ಮ ಚರ್ಚಿನ ಸ್ತ್ರೀಸಂಘಕ್ಕೆ ನಾನು ಕಾರ್ಯದರ್ಶಿ. ಸಂಘದ ಹಿರಿಯಳು ಮಾರ್ಥಕ್ಕ ನನ್ನ ಹೊಲಿಗೆ ಅಂಗಡಿಗೇ ಬಂದಳು. ಮಷಿನ್ನಿನ ಮೇಲೆ ಕೈಯಿಟ್ಟು, "ಕರ್ತನ ಭೋಜನಕ್ಕ ಆಕಿಗೆ ಬರಬ್ಯಾಡಂತ ಹೇಳವಾ" ಅಂದಳು.

"ಹಂಗ ಹೆಂಗ ಅನ್ನೂದು ಅಕ್ಕಾ? ಪಾಪ ಬರತೈತಿ" ಅಂದೆ.

"ಹೌದಾ? ಒಡಹುಟ್ಟಿದಾಕಿ ನೀನ ಆಕಿ ಹಿಂದ ಬಾಯಿ ಹಚ್ಚಾಂಗಿಲ್ಲ. ನಮಗ ಹಚ್ಚರಿ ಅಂತೀಯೇನು?"

ಅಂಗಡಿ ಮುಚ್ಚಿ ಪಾಸ್ಟರ್ ಬಳಿ ಹೋದೆ. ಹೊಸದಾಗಿ ಬಂದವರು, ಸಣ್ಣ ವಯಸ್ಸು. ಅವರು ನಕ್ಕರು. "ಎಲ್ಲಾರದೂ ಆದಮ್ಯಾಲೆ ಪಾತ್ರೆಯೊಳಗ ಉಳದದ್ದನ್ನ ನಾನ ಕುಡೀಬೇಕಲ್ರಿ, ಅದು ಪದ್ಧತಿ. ಮೂರು ತಿಂಗಳಾತು, ಸುಗುಣಕ್ಕಾರ ಹಿಂದಿಂದ ನಾನ ಕುಡಿಯಾಕತ್ತೇನಿ. ನನಗೇನಾಗೈತ್ರಿ? ಮುಂದಿನ ಭಾನುವಾರ ಸಭೆಗೆ ಇದನ್ನ ಹೇಳತೀನಿ ಬಿಡ್ರಿ."

ಅಲ್ಲಿಗೆ ಮುಗಿಯಬೇಕಿತ್ತು. ಅವರು ಎದ್ದು ಹೇಳಬೇಕಿತ್ತು, ನಾನು ಅವಳ ಹಿಂದೆ ಮೊಣಕಾಲೂರಬೇಕಿತ್ತು. ಎಷ್ಟು ಸುಲಭ!

ಆದರೆ ನನಗೆ ಬುದ್ಧಿವಂತಿಕೆ ಹೊಳೆಯಿತು. ಆ ಭಾನುವಾರ ಬರುವ ಮೊದಲೇ ಚರ್ಚಿನ ಕಮಿಟಿ ಕೂಡಿದಾಗ ಎದ್ದು ನಿಂತೆ. ಸಭೆಯಲ್ಲಿ ಅವಳ ವಿಷಯ ಯಾಕೆ ಎತ್ತಬೇಕು, ದೊಡ್ಡ ಊರುಗಳ ಚರ್ಚಿನಲ್ಲಿ ಈಗ ಎಲ್ಲರಿಗೂ ಒಂದೊಂದು ಸಣ್ಣ ಲೋಟವಂತೆ, ಹೈಜಿನ್ ದೃಷ್ಟಿಯಿಂದಲೂ ಒಳ್ಳೆಯದು ಅಂದೆ. ಹೈಜಿನ್ ಎಂಬ ಮಾತನ್ನು ಟೀವಿಯಲ್ಲಿ ಕಲಿತಿದ್ದೆ. ಕಮಿಟಿಯವರು ಒಬ್ಬೊಬ್ಬರಾಗಿ ತಲೆಯಾಡಿಸಿದರು. ಪಾಸ್ಟರ್ ಮಾತ್ರ ನನ್ನ ಮುಖವನ್ನೇ ನೋಡುತ್ತ ಕೂತರು. ಕೊನೆಗೆ "ನಿಮ್ಮ ಮನಸ್ಸು" ಅಂದರು.

ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವನು ಒಂದು ಲೋಟ ಎತ್ತಿ ಹಿಡಿದು ಕೇಳಿದ: "ಏನ್ರೀ ಅಕ್ಕಾರ, ಇಷ್ಟ ಸಣ್ಣ ಲೋಟ? ಔಷಧ ಕುಡ್ಯಾಕೇನ್ರಿ?"

"ಸುಮ್ಮನ ಕೊರಿಯಪಾ. ಸಾಮುವೇಲಪ್ಪ ಅಂತ ಹಾಕು."

"ಪೂರಾ ಹಿಡ್ಯಾಂಗಿಲ್ರಿ. ಸಾಮುವೇಲ ಅಷ್ಟ ಹಾಕತೀನಿ."

ಕಿರ್ರ್ ಅಂತ ಮಷಿನ್ ಶುರುವಾಯಿತು. ನಾನು ಅಲ್ಲೇ ಸ್ಟೂಲ್ ಮೇಲೆ ಕೂತು ಒಂದೊಂದನ್ನೇ ಸೆರಗಿನಿಂದ ಒರೆಸಿದೆ.

ಸಾಮುವೇಲಪ್ಪ ಯಾರೆಂದು ನಿಮಗೆ ಹೇಳಬೇಕು. ನಮ್ಮಪ್ಪ ಕರ್ಜಗಿ ಕಡೆಯ ಒಂದು ಹಳ್ಳಿಯವನು. ಅವನ ಕಾಲದಲ್ಲಿ ಊರ ಚಹಾದಂಗಡಿಯ ಸೂರಿನಲ್ಲಿ ನಮ್ಮ ಕೇರಿಯವರಿಗೆ ಅಂತ ತೆಂಗಿನ ಚಿಪ್ಪು ಸಿಕ್ಕಿಸಿಟ್ಟಿರುತ್ತಿದ್ದರು. ಅದನ್ನು ತೆಗೆದುಕೊಂಡು ಹೊರಗೆ ನಿಲ್ಲಬೇಕು. ಮೇಲಿನಿಂದ ಚಹಾ ಸುರಿಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಸೂರಿಗೆ ಸಿಕ್ಕಿಸಬೇಕು. ಅಪ್ಪ ಕ್ರೈಸ್ತನಾದದ್ದು ಪುಸ್ತಕ ಓದಿ ಅಲ್ಲ. ಅವನಿಗೆ ಓದಲು ಬರುತ್ತಿರಲಿಲ್ಲ. ಯಾರೋ ಕರೆದರೆಂದು ಒಮ್ಮೆ ಚರ್ಚಿನ ಬಾಗಿಲಲ್ಲಿ ನಿಂತು ನೋಡಿದನಂತೆ, ಅಷ್ಟೂ ಜನ ಒಂದೇ ಪಾತ್ರೆಗೆ ಬಾಯಿ ಹಚ್ಚುತ್ತಿದ್ದರಂತೆ. ದೀಕ್ಷಾಸ್ನಾನವಾಗಿ ಮೊದಲ ಸಲ ತನ್ನ ಬಾಯಿಯ ಹತ್ತಿರ ಆ ಪಾತ್ರೆ ಬಂದಾಗ ಕುಡಿಯಲೋ ಬೇಡವೋ ಎಂದು ತಡೆದನಂತೆ. ಪಕ್ಕದವರು ಮೊಣಕೈಯಿಂದ ತಿವಿದರಂತೆ. ಇದನ್ನು ಹೇಳುವಾಗ ಪ್ರತಿ ಸಲವೂ ಅವನು ನಗುತ್ತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ.

ಅಂಥವನ ಹೆಸರನ್ನು ನಾನು ಯಾವುದರ ಮೇಲೆ ಕೊರೆಸಿದೆ?

ಈ ತಿಂಗಳ ಆ ಮೊದಲ ಭಾನುವಾರ ಟ್ರೇ ಹಿಡಿದು ಪಾಸ್ಟರ್ ಬಂದರು. ನಾನು ಈ ಸಲ ತಂಗಿಯ ಹಿಂದೆಯೇ ಹೋಗಿದ್ದೆ! ಸುಗುಣಾ ಒಂದು ಲೋಟ ಎತ್ತಿಕೊಂಡಳು. ಬೆರಳಲ್ಲಿ ತಿರುಗಿಸಿ ಹೆಸರು ಓದಿದಳು. ತುಂಬಿದ್ದ ಲೋಟವನ್ನು ಹಾಗೆಯೇ ಟ್ರೇಯಲ್ಲಿಟ್ಟು ಎದ್ದು ಹೋದಳು. ನಾನು ನನ್ನದನ್ನು ತೆಗೆದುಕೊಂಡೆ, ಕುಡಿದೆ. ಆಮೇಲೆ ಪ್ರಕಟಣೆಗಳು, ಆಮೇಲೆ ನನಗೆ ಚಪ್ಪಾಳೆ.

ಮಧ್ಯಾಹ್ನ ಮನೆಯಲ್ಲಿ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ಅಪ್ಪನ ಹೆಸರು ಯಾಕ ಹಾಕಿಸಿದಿ ಅಕ್ಕಾ? ನನ್ನ ಹೆಸರು ಹಾಕಿಸಬೇಕಿತ್ತು. ನನ್ನ ಸಲುವಾಗಿ ತಂದದ್ದಲ್ಲೇನು?"

"ಹಂಗಲ್ಲ ಸುಗುಣಾ, ಹೈಜಿನ್..."

"ಆ ಮಾತು ಬ್ಯಾಡ. ನಾ ಕುಡಿದ ಲೋಟ ಎರಡೆರಡು ಸಲ ತೊಳೀತಿ, ನನಗ ಗೊತ್ತಿಲ್ಲಂತ ಮಾಡೀಯೇನು? ನಿನಗ ಸಮಾಧಾನ ಆಗಲಿ ಅಂತ ನೀ ಮಲಗಿದ ಮ್ಯಾಲೆ ನಾನೂ ಒಮ್ಮೆ ತೊಳದ ಇಡತಿದ್ದೆ."

ಆ ವಾರವೇ ಅವಳು ಬ್ಯಾಡಗಿಗೆ ಹೊರಟಳು. ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಸಿಗುತ್ತದೆ. ಧೂಳು, ಘಾಟು, ದಿನವಿಡೀ ಕೆಮ್ಮು. ಎದೆ ಜೋಪಾನ ಎಂದು ಡಾಕ್ಟರು ಹೇಳಿದ್ದು ನನಗೂ ನೆನಪಿತ್ತು, ಅವಳಿಗೂ. ಹೋಗಬ್ಯಾಡ ಅಂದೆ. ಆದರೆ ಜೋರಾಗಿ ಅನ್ನಲಿಲ್ಲ. ಅವಳ ಬಸ್ಸು ತಿರುವಿನಲ್ಲಿ ಮರೆಯಾದಾಗ ನನ್ನೊಳಗೆ ಏನೋ ಹಗುರಾಯಿತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಬರೆಯದೆ ಬಿಡಲು ಇನ್ನೂ ನಾಚಿಕೆ.

ಮೊನ್ನೆ ಮನಸ್ಸು ತಡೆಯದೆ ಬ್ಯಾಡಗಿಗೆ ಹೋದೆ. ಒಂದು ಗೋದಾಮಿನ ಅಂಗಳದಲ್ಲಿ ಕೆಂಪು ರಾಶಿ, ಸುತ್ತ ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸರು. ನನ್ನ ಕಣ್ಣಲ್ಲಿ ಒಂದೇ ಸಮ ನೀರು. (ಅಳು ಅಂದುಕೊಳ್ಳಬೇಡಿ. ಘಾಟು.) ಸುಗುಣಾ ಇಳಿದುಹೋಗಿದ್ದಳು. ಮಾತಿಗೊಮ್ಮೆ ಕೆಮ್ಮುತ್ತಿದ್ದಳು.

ಚಹಾ ಬಂತು. ಅವಳ ಪಕ್ಕದಲ್ಲಿದ್ದ ಖತೀಜಾಬಿ ಎಂಬ ವಯಸ್ಸಾದ ಹೆಂಗಸು ಕಪ್ಪಿನ ಕೆಳಗಿನ ಬಸಿಗೆ ಸುರಿದು ಅರ್ಧ ಕುಡಿದು ಇವಳಿಗೆ ಕೊಟ್ಟಳು. ಇವಳು ಒಂದು ಗುಟುಕು ಕುಡಿದು ತಿರುಗಿ ಕೊಟ್ಟಳು. ಆಕೆ ಉಳಿದದ್ದನ್ನು ಕುಡಿದಳು.

ನನ್ನ ಬಾಯಿ ತೆರೆಯಿತು. ನಾನು ಹೇಳಹೊರಟದ್ದು ಏನೆಂದು ಸುಗುಣಾಗೆ ಗೊತ್ತಾಯಿತು.

"ಆಕಿಗೆ ಎಲ್ಲಾ ಹೇಳೇನಿ ಅಕ್ಕಾ. ನೀ ಹೇಳೂದು ಏನೂ ಉಳದಿಲ್ಲ."

ಖತೀಜಾಬಿ ನನ್ನ ಕಡೆ ತಿರುಗಿ, "ನೀವೂ ಚಾ ಕುಡೀರಲ್ರಿ ಅಕ್ಕಾರ. ನಿಮಗ ಬ್ಯಾರೆ ಕಪ್ಪಿನ್ಯಾಗ ಹೇಳತೀನಿ" ಅಂದಳು. ಮರ್ಯಾದೆಗೆ ಅಂದಳೋ, ಚುಚ್ಚಿದಳೋ, ನನಗಿನ್ನೂ ತಿಳಿದಿಲ್ಲ. ನನ್ನ ಬೈಬಲ್ ಆಕೆ ಓದಿಲ್ಲ. ನಾನು ಓದಿ ಏನು ಮಾಡಿದೆ?

ಏಳುವಾಗ ಕೇಳಿದೆ. "ಮನಿಗೆ ಬಾ ಸುಗುಣಾ. ಈ ಧೂಳಿನ್ಯಾಗ ಸಾಯ್ತಿ."

"ಬರ್ತೀನಿ. ತಿಂಗಳ ಮೊದಲನೇ ಭಾನುವಾರ ಒಂದು ಬಿಟ್ಟು, ಯಾವಾಗರ ಬರ್ತೀನಿ."

ಕರ್ತನ ಭೋಜನದ ಆ ಮೇಜಿಗೆ ಅವಳು ಇನ್ನು ಬರುವುದಿಲ್ಲ. ಅಲ್ಲಿಂದ ಅವಳನ್ನು ಎಬ್ಬಿಸಿದ್ದು ರೋಗವಲ್ಲ, ಮಾರ್ಥಕ್ಕನೂ ಅಲ್ಲ.

ಇದನ್ನು ಪತ್ರಿಕೆಗೆ ಬರೆಯಲೇನು ಎಂದು ಕೇಳಿದೆ, ನಿನ್ನ ಹೆಸರು ಬದಲಿಸುತ್ತೇನೆ ಅಂದೆ. ಅವಳು ಆಗಲೇ ಮುಂದಿನ ಮೆಣಸಿನಕಾಯಿ ಕೈಗೆತ್ತಿಕೊಂಡಿದ್ದಳು.

"ನಂದು ಊರಿಗೆಲ್ಲಾ ಗೊತ್ತೈತಿ ಅಕ್ಕಾ, ಹೆಸರು ಯಾಕ ಬದಲಿಸ್ತಿ? ನಿಂದು ಬರಿ."