ಹೊಲಸೆಂದು ಅಳಿಸಿದ ಮೋಡ

ಕಾಡಸಿದ್ದಪ್ಪನ ಅಜ್ಜ ಜಂಬಣ್ಣ ಸಿರುಗುಪ್ಪದ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ಮುಗಿಲು ನೋಡಿ ಅವನು ಬೇಡವೆಂದರೆ ಮದುವೆ ದಿಬ್ಬಣವೂ ದಡದಲ್ಲೇ ಕೂರುತ್ತಿತ್ತು. ಅಪ್ಪ ದೊಡ್ಡಬಸಪ್ಪ ಹೊಳೆ ಬಿಟ್ಟು ಕಣ ಕಾಯಲು ಬಂದ. ಒಂದು ಸುಗ್ಗಿಯಲ್ಲಿ ಉಣ್ಣಲು ಕೂತವರನ್ನೆಲ್ಲ ಎಬ್ಬಿಸಿ ರಾಶಿಗೆ ತಾಡಪತ್ರಿ ಹೊದಿಸಿದ. ಅವರು ಕೈ ತೊಳೆಯುವಷ್ಟರಲ್ಲಿ ಆಲಿಕಲ್ಲು ಬಿತ್ತು. ಕಾಡಸಿದ್ದಪ್ಪ ಆ ಮನೆತನದ ಕುಡಿ. ತೆಕ್ಕಲಕೋಟೆಯ ಅಕ್ಕಿ ಗಿರಣಿಯ ಕಣದಲ್ಲಿ ನಲವತ್ತು ವರ್ಷದಿಂದ ಅವನ ಕೆಲಸ ಒಂದೇ: ಒಣಹಾಕಿದ ಭತ್ತದ ಪಕ್ಕ ನಿಂತು ಮುಗಿಲು ನೋಡುವುದು, ಮಳೆಯ ಸುಳಿವು ಸಿಕ್ಕರೆ ಕೂಗುವುದು. ಅವನ ಕೂಗಿಗೆ ಹಮಾಲರು ಬಾಯಲ್ಲಿದ್ದ ಬೀಡಿ ಎಸೆದು ಓಡುತ್ತಿದ್ದರು.

ಈ ಬೇಸಿಗೆ ಬೆಳೆಯ ಹೊತ್ತಿಗೆ ಗಿರಣಿ ಸಾಹುಕಾರ ಚನ್ನಬಸವರಾಜನಿಗೆ ಅವನನ್ನು ಮೆರೆಸುವ ಹುಕಿ ಬಂತು. ಕುರುಗೋಡು ಗುಡ್ಡದ ಕಡೆಯಿಂದ ಏಳುತ್ತಿದ್ದ ಕರಿಮೋಡಕ್ಕೆ ಬೆರಳು ತೋರಿಸಿ ಕಾಡಸಿದ್ದಪ್ಪ ಕೂಗುವಾಗ ಮೊಬೈಲಿನಲ್ಲಿ ಫೋಟೊ ಹಿಡಿದ. ಫ್ಲೆಕ್ಸ್ ಮಾಡಲು ಬಳ್ಳಾರಿಯ ಬ್ರೂಸ್‌ಪೇಟೆಯ ಸ್ಟುಡಿಯೊಕ್ಕೆ ಕಳಿಸಿದ. ಫ್ಲೆಕ್ಸ್ ಬಂದು ಗಿರಣಿ ಬಾಗಿಲಿಗೆ ಏರಿತು. ಗಿರಣಿಯ ಲೆಕ್ಕ ಬರೆಯುವ ನಾನೂ ನೋಡಿದೆ. ಕರಿಮೋಡ ಕಿತ್ತುಹಾಕಿ, ಸಾಬೂನು ಡಬ್ಬಿಯ ಮೇಲಿರುವಂಥ ನೀಲಿ ಮುಗಿಲು ಅಂಟಿಸಿದ್ದರು. 'ಮಳೆ ಬರುವ ಮುನ್ನವೇ ಬಲ್ಲವರು' ಎಂದು ಬೇರೆ ಬರೆದಿದ್ದರು. ಅದರ ಕೆಳಗೆ ನಮ್ಮ ಕಾಡಸಿದ್ದಪ್ಪ, ಬರಿಯ ಮುಗಿಲಿಗೆ ಬೆರಳು ಚಾಚಿ, ಬಾಯಿ ತೆರೆದು, ತಲೆ ಕೆಟ್ಟವನ ಹಾಗೆ.

"ತಾತಾ, ಮುಗಿಲಾಗ ಇಮಾನ ಬಂತೇನು?" ಎಂದ ಹಮಾಲಿ ರಾಮಾಂಜಿನಿ.

"ನಿಮ್ಮ ಮಾವ ಕುಂತಾನ ಅದ್ರಾಗ. ಇಳಿಸ್ಕೋ ಹೋಗಲೇ," ಎಂದು ಕಾಡಸಿದ್ದಪ್ಪ ನಕ್ಕ.

ಆ ನಗು ನಾಲ್ಕೇ ದಿನ. ಐದನೆಯ ದಿನ ಮಧ್ಯಾಹ್ನ ಅವನು "ತಾಡಪತ್ರಿ ಎಳೀರಲೇ!" ಎಂದು ಕೂಗಿದ. ಹಮಾಲರು ಫ್ಲೆಕ್ಸಿನಲ್ಲಿದ್ದ ಅವನಂತೆಯೇ ಬಾಯಿ ತೆರೆದು, ಬೆರಳು ಚಾಚಿ ಅಣಕಿಸಿದರು. ಒಬ್ಬನೂ ಏಳಲಿಲ್ಲ. ಮಳೆ ಬಿದ್ದ ಮೇಲೆ ಎದ್ದಾಗ ಅರ್ಧ ಕಣದ ಭತ್ತ ತೊಯ್ದಿತ್ತು. ಮೂರು ತಲೆಮಾರು ಉಳಿಸಿಕೊಂಡು ಬಂದ ಮಾತಿನ ತೂಕ ಆ ನೀರಿನಲ್ಲಿ ಹೋಯಿತು.

ಮರುದಿನ ಕಾಡಸಿದ್ದಪ್ಪ ಬಸ್ಸು ಹಿಡಿದು ಸ್ಟುಡಿಯೊಕ್ಕೆ ಹೋದ. ಜತೆಗೆ ನಾನಿದ್ದೆ.

"ನನ್ನ ಮೋಡ ಎಲ್ಲೈತಪ್ಪಾ?"

ಸ್ಟುಡಿಯೊದ ಪ್ರಭುಲಿಂಗ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. "ಅದಾ? ಹೊಲಸು ಕಾಣ್ತಿತ್ರಿ ಯಜ್ಜಾ. ಕ್ಲೀನ್ ಮಾಡೀನಿ."

ಹೊಲಸಂತೆ! ಅಂಥ ಮೋಡ ಗುರುತಿಸಿಯೇ ನಮ್ಮ ಕಾಡಸಿದ್ದಪ್ಪ ನೂರು ಮನೆಯ ಭತ್ತ ಉಳಿಸಿದ್ದಾನೆ. ಥೂ!

ಮೊದಲಿನ ಫೋಟೊ ಸ್ಟುಡಿಯೊದಲ್ಲೂ ಇರಲಿಲ್ಲ, ಸಾಹುಕಾರನ ಮೊಬೈಲಿನಲ್ಲೂ ಉಳಿದಿರಲಿಲ್ಲ. ಕಣ ತೊಯ್ದ ಸುದ್ದಿ ಕೇಳಿ ಪ್ರಭುಲಿಂಗ ಮೆತ್ತಗಾದ. ಪರದೆಯ ಮೇಲೆ ಸಾಲುಸಾಲು ಕರಿಮೋಡ ತೆರೆದ.

"ಯಾವ್ದು ಬೇಕು ಹೇಳ್ರಿ. ಮಿಂಚೂ ಹಾಕ್ತೀನಿ. ಸಂಜೀಗೆ ಹೊಸ ಫ್ಲೆಕ್ಸು, ನಾನ ಬಂದು ಕಟ್ಟಿಕೊಡ್ತೀನಿ."

"ಇವು ಯಾವೂರ ಮೋಡ?"

"ಯಾರಿಗ್ಗೊತ್ರಿ? ಹಮಾಲ್ರಿಗೇನು ತಿಳೀತೈತಿ?"

ಕಾಡಸಿದ್ದಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿದ.

"ಬ್ಯಾಡಪ್ಪಾ. ಸುಳ್ಳು ಬಿಸಲಾಗ ನಿಂದ್ರಿಸಿದಿ, ಈಗ ಸುಳ್ಳು ಮಳ್ಯಾಗ ನಿಂದ್ರಿಸಬ್ಯಾಡ. ನೀನೂ ಬರಬ್ಯಾಡ. ಆ ಫ್ಲೆಕ್ಸ್ ನಾನ ಇಳಸ್ತೀನಿ. ಏಣಿ ಹತ್ತಾಕ ನನಗ ಇನ್ನೂ ಬರ್ತೈತಿ."