ಮಗ್ಗದ ಕೋಣೆಯ ಕಂಬಕ್ಕೆ ಸುತ್ತಿದ ಕ್ಯಾಮೆರಾ

2007ರಲ್ಲಿ ನಾನು ಬೆಂಗಳೂರಿನಿಂದ ಹೊರಡುತ್ತಿದ್ದ ಒಂದು ಪ್ರವಾಸ ಮಾಸಪತ್ರಿಕೆಗೆ ಚಿತ್ರ ತೆಗೆದುಕೊಡುತ್ತಿದ್ದೆ. ಮನೆ ಬಾಗಲಕೋಟೆಯ ನವನಗರದಲ್ಲಿ. ಪತ್ರಿಕೆಯವರಿಗೆ ಈ ಕಡೆಯ ಗುಡಿ, ಗವಿ, ಸಂತೆ, ಮಗ್ಗ ಯಾವುದು ಬೇಕಾದರೂ ಫೋನು ನನಗೇ ಬರುತ್ತಿತ್ತು. ನಾನು ಬಸ್ಸು ಹತ್ತಿ ಹೋಗುತ್ತಿದ್ದೆ.

ಅದರ ಹಿಂದಿನ ವರ್ಷ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ನನ್ನ ಬಲಭುಜದ ಕೀಲು ತಪ್ಪಿತ್ತು. ಕೂಡಿಸಿದ ಡಾಕ್ಟರು, ಇನ್ನು ಮುಂದೆ ಆ ಹೆಗಲಿಗೆ ಭಾರ ಹಾಕಬೇಡಿ ಎಂದು ಖಡಾಖಂಡಿತವಾಗಿ ಹೇಳಿದ್ದರು. ಛಾಯಾಗ್ರಾಹಕರಿಗೆ ದೊಡ್ಡ ಭಾರವೆಂದರೆ ಟ್ರೈಪಾಡ್, ಅಂದರೆ ಕ್ಯಾಮೆರಾ ಅಲುಗದಂತೆ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು. ಬೆಳಕು ಕಡಿಮೆ ಇರುವ ಕಡೆ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಆಗ ಕೈಯಲ್ಲಿ ಹಿಡಿದು ತೆಗೆದರೆ ಚಿತ್ರ ಮಸುಕಾಗುತ್ತದೆ. ನನ್ನ ಕಷ್ಟ ಕೇಳಿದ ಗೆಳತಿಯೊಬ್ಬಳು ಹೊಸದಾಗಿ ಬಂದಿದ್ದ ಒಂದು ಪುಟ್ಟ ಟ್ರೈಪಾಡ್ ಕಳಿಸಿದಳು. ಗೇಣುದ್ದದ ಮೂರು ಕಾಲು. ಒಂದೊಂದು ಕಾಲೂ ಮಣಿಗೆ ಮಣಿ ಪೋಣಿಸಿದ ಹಾಗೆ ಕೀಲುಕೀಲಾಗಿ ಯಾವ ಕಡೆಗಾದರೂ ಬಾಗುತ್ತಿತ್ತು. ನೆಲದ ಮೇಲೆ ನಿಲ್ಲಿಸಬಹುದು, ಇಲ್ಲವೇ ಟೊಂಗೆಗೋ ಸರಳಿಗೋ ಹಾವಿನಂತೆ ಸುತ್ತಿಬಿಡಬಹುದು. ಕೈಚೀಲದಲ್ಲಿ ಬಾಚಣಿಗೆಯ ಪಕ್ಕ ಅದಕ್ಕೂ ಜಾಗ ಆಯಿತು.

ಮೊದಲು ಅದನ್ನು ಪರೀಕ್ಷಿಸಿದ್ದು ಬಾದಾಮಿಯಲ್ಲಿ. ಬೆಳಗಿನ ಹೊತ್ತು ಕೆರೆಯ ಪಕ್ಕದ ಕಬ್ಬಿಣದ ಸರಳಿಗೆ ಸುತ್ತಿ, ಎದುರಿನ ಕೆಂಪು ಬಂಡೆ ನೀರಿನಲ್ಲಿ ಮೂಡುವುದನ್ನು ತೆಗೆದೆ. ದೂರದ್ದನ್ನು ಹತ್ತಿರ ತೋರಿಸುವ ಭಾರದ ಲೆನ್ಸ್ ಹಾಕಿದಾಗ ಮಾತ್ರ ಅದು ತೂಕ ತಡೆಯದೆ ಮೆಲ್ಲಗೆ ಮುಂದಕ್ಕೆ ಬಾಗುತ್ತಿತ್ತು. ಹಗುರ ಲೆನ್ಸ್ ಹಾಕಬೇಕು, ಕ್ಯಾಮೆರಾದ ಪಟ್ಟಿಯನ್ನೂ ಸರಳಿಗೆ ಬಿಗಿಯಬೇಕು, ಗುಂಡಿಯನ್ನು ಬೆರಳಿನಿಂದ ಒತ್ತದೆ ರಿಮೋಟಿನಿಂದ ಒತ್ತಬೇಕು ಎಂದು ಕಲಿತೆ. ದೊಡ್ಡ ಸ್ಟ್ಯಾಂಡಿಗೆ ಪರವಾನಗಿ ಕೇಳುತ್ತಿದ್ದ ಗವಿಯ ಕಾವಲುಗಾರ ಇದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದೇನ್ರೀ ಬಾಯಾರ, ಆಟಿಗಿ ಸಾಮಾನು,” ಎಂದು ನಕ್ಕುಬಿಟ್ಟಿದ್ದ. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಬಾಯಾರು ಎನ್ನುತ್ತಾರೆ.

ಆ ವರ್ಷದ ಚಳಿಗಾಲದಲ್ಲಿ ಪತ್ರಿಕೆ ನಮ್ಮ ಜಿಲ್ಲೆಯ ಮೇಲೊಂದು ವಿಶೇಷ ಸಂಚಿಕೆ ಮಾಡಲು ಹೊರಟಿತು. ಬಾದಾಮಿಯ ಗವಿ, ಗುಳೇದಗುಡ್ಡದ ಕುಬುಸದ ಖಣ, ಕೊನೆಗೆ ಇಳಕಲ್ಲಿನ ಸೀರೆ. ಬಾದಾಮಿ, ಗುಳೇದಗುಡ್ಡ ಮುಗಿಸಿ, ಹುನಗುಂದದಲ್ಲಿ ಬಸ್ಸು ಬದಲಿಸಿ ಇಳಕಲ್ಲಿಗೆ ಹೋದೆ. ಪರಿಚಯದ ಸೀರೆ ಅಂಗಡಿಯವರು ಕೈಮಗ್ಗದ ಒಂದು ಮನೆ ತೋರಿಸಿದರು.

ಮನೆಯಾಕೆಯ ಹೆಸರು ನೀಲವ್ವ. ಐವತ್ತು ದಾಟಿದ್ದ, ಕಡಿಮೆ ಮಾತಿನ ಹೆಂಗಸು. ಗಂಡ ಮಾನಪ್ಪನೂ ಮೊದಲು ನೇಯುತ್ತಿದ್ದವರೇ. ನಾನು ಹೋದ ಹೊತ್ತಿಗೆ ಊರಿನ ಪವರ್‌ಲೂಮ್ ಶೆಡ್ಡಿಗೆ ದುಡಿಯಲು ಹೋಗುತ್ತಿದ್ದರು. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಸಾವಕಾರರು ಹಾಸಿನ ನೂಲು, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಎಳೆ, ಕೊಡುವುದು, ಈಕೆ ಸೀರೆ ನೇಯ್ದು ಒಪ್ಪಿಸುವುದು, ಹೀಗೆ ನಡೆದಿತ್ತು. “ಈ ಓಣ್ಯಾಗ ನಮ್ಮಾಕಿ ಹಾಕಿದಂಥಾ ತೆನಿ ಬ್ಯಾರೆ ಯಾರೂ ಹಾಕಂಗಿಲ್ರಿ,” ಎಂದರು ಮಾನಪ್ಪ. ತೆನೆ ಎಂದರೆ ಸೆರಗಿನ ಮೇಲೆ ಕೆಂಪು ಬಿಳುಪಿನಲ್ಲಿ ಏಳುವ ಹಲ್ಲುಹಲ್ಲಿನ ವಿನ್ಯಾಸ. ಹೆಂಡತಿಯ ಎದುರಿಗೇ ಹಾಗೆ ಹೊಗಳಿದ್ದಕ್ಕೆ ಆಕೆ ಮುಖ ಆಚೆ ತಿರುಗಿಸಿದರು.

ಮಗ್ಗದ ಕೋಣೆ ಇಕ್ಕಟ್ಟು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಇಡೀ ಕೋಣೆಯನ್ನು ಹಿಡಿದಿತ್ತು. ಒಂದೇ ಕಿಟಕಿ. ನಾನು ಎಲ್ಲಿ ನಿಂತರೂ ಅವರ ಕೈಗೆ ಅಡ್ಡ ಬರುತ್ತಿದ್ದೆ, ಇಲ್ಲವೇ ನನ್ನ ನೆರಳು ಹಾಸಿನ ಮೇಲೆ ಬೀಳುತ್ತಿತ್ತು. ಮಗ್ಗಕ್ಕೇ ಟ್ರೈಪಾಡ್ ಸುತ್ತೋಣವೆಂದರೆ ಅಡ್ಡನೂಲಿನ ಲಾಳಿ ಅತ್ತಿತ್ತ ಓಡಿದಾಗಲೆಲ್ಲ ಅದು ಅದುರುತ್ತದೆ. ಮೂಲೆಯಲ್ಲಿ ಸೂರನ್ನು ಹೊತ್ತ ಕಟ್ಟಿಗೆಯ ಸಣಕಲು ಕಂಬವೊಂದಿತ್ತು. ಸ್ಟೂಲು ಹತ್ತಿ ಅದರ ಎತ್ತರದಲ್ಲಿ ಮೂರೂ ಕಾಲು ಬಿಗಿಯಾಗಿ ಸುತ್ತಿ, ಕ್ಯಾಮೆರಾವನ್ನು ಕೆಳಮುಖ ಮಾಡಿ ನಿಲ್ಲಿಸಿದೆ. ಕೆಲವು ಸೆಕೆಂಡಿಗೊಮ್ಮೆ ತಾನೇ ಚಿತ್ರ ತೆಗೆಯುವಂತೆ ಟೈಮರ್ ಜೋಡಿಸಿದೆ.

“ನೀಲಕ್ಕ, ನಾ ಹೊರಗ ಕುಂದರ್ತೇನಿ. ಇದು ತಾನ ಫೋಟೋ ಹೊಡಕೋತ ಇರ್ತೈತಿ. ನಡೀತದಿಲ್ರಿ?”

“ಹೊಡೀಲಿ ಬಿಡ್ರಿ. ನಾ ನನ್ನ ಕೆಲಸ ನಾ ಮಾಡ್ತೇನಿ.”

ನಾನು ಕಟ್ಟೆಯ ಮೇಲೆ ಕೂತು ಮಾನಪ್ಪನವರ ಜೊತೆ ಚಹಾ ಕುಡಿದೆ. ಒಳಗೆ ಮಗ್ಗದ ಸದ್ದು ನಡೆದೇ ಇತ್ತು, ನಡುವೆ ಒಮ್ಮೆ ಸ್ವಲ್ಪ ಹೊತ್ತು ನಿಂತಿತ್ತು. ನೂಲು ಹರಿದಿರಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದಾಗ ಖುಷಿಯಾಯಿತು. ಕಿಟಕಿಯ ಬೆಳಕು ಸರಿಯಾಗಿ ಬಿದ್ದಿತ್ತು, ಸಂಕೋಚವಿಲ್ಲದ ಸಹಜ ಮುಖ. ಚೆನ್ನಾಗಿದ್ದ ಕೆಲವನ್ನು ಸಣ್ಣದು ಮಾಡಿ ಸಂಪಾದಕರಿಗೆ ಕಳಿಸಿದೆ. ಮಧ್ಯಾಹ್ನವೇ ಫೋನು ಬಂತು. ಒಂದು ಚಿತ್ರ ಅವರಿಗೆ ತುಂಬ ಹಿಡಿಸಿತ್ತು. ಅದರಲ್ಲಿ ನೀಲವ್ವ ಮುಖ ಮೇಲೆತ್ತಿ, ಏನನ್ನೋ ಆಲಿಸುವವರಂತೆ, ಒಂದು ಕೈಯನ್ನು ಬದಿಗೆ ಚಾಚಿದ್ದರು. “ಇದೇ ಮುಖಪುಟ. ಎಂಥ ತನ್ಮಯತೆ ನೋಡಿ,” ಎಂದರು ಸಂಪಾದಕರು.

ದೊಡ್ಡ ಚಿತ್ರ ಕಳಿಸಬೇಕೆಂದು ಅದರ ಹಿಂದುಮುಂದಿನವನ್ನೂ ತೆರೆದೆ. ಆಗ ಕಾಣಿಸಿತು. ಮೊದಲ ಚಿತ್ರದಲ್ಲಿ ಲಾಳಿ ಮಗ್ಗದಿಂದ ಜಿಗಿದು ಅವರ ಬಲಮೊಣಕಾಲಿನ ಪಕ್ಕ ಬಿದ್ದಿದೆ, ನೇರ ಬೆಳಕಿನಲ್ಲಿ. ಮುಂದಿನದರಲ್ಲಿ ಅವರ ಕೈ ಎಡಗಡೆ ತಡಕುತ್ತಿದೆ. ಆಮೇಲೆ ಕುಣಿಯ ಅಂಚಿನಲ್ಲಿ. ಆಮೇಲೆ ಲಾಳಿಯ ತೀರ ಹತ್ತಿರ ಬಂದು, ಮುಟ್ಟದೆ, ಹಿಂದೆ ಹೋಗಿದೆ. ಸಂಪಾದಕರು ಮೆಚ್ಚಿದ ಚಿತ್ರದಲ್ಲೂ ಲಾಳಿ ಅಲ್ಲೇ ಇತ್ತು. ಕಣ್ಣಿನಿಂದ ಹುಡುಕುವುದನ್ನು ಬಿಟ್ಟು ಅವರು ಬರೀ ಕೈಯಿಂದ ಹುಡುಕುತ್ತಿದ್ದರು. ನಾವು ತನ್ಮಯತೆ ಎಂದದ್ದು ಇದನ್ನು.

ಎದುರಿಗೆ ಯಾರಾದರೂ ಇದ್ದಿದ್ದರೆ ನೀಲವ್ವ ಹಾಗೆ ತಡಕಾಡುತ್ತಿರಲಿಲ್ಲ. ಕ್ಯಾಮೆರಾ ಇದೆ ಎಂಬುದನ್ನು ಅವರು ಮರೆತಿದ್ದರು.

ಸಂಪಾದಕರಿಗೆ ಫೋನು ಮಾಡಿ, ಆ ಚಿತ್ರ ಬೇಡ, ಒಮ್ಮೆ ಇಳಕಲ್ಲಿಗೆ ಹೋಗಿ ಬರುತ್ತೇನೆ ಎಂದೆ. “ಒಪ್ಪಿಗೆ ಪಡೆದೇ ತೆಗೆದಿದ್ದೀರಲ್ಲ, ಮತ್ತೇನು?” ಎಂದರು. ಮಗ್ಗದ ಚಿತ್ರಕ್ಕೆ ಒಪ್ಪಿದ್ದಾರೆ, ಇದಕ್ಕಲ್ಲ ಎಂದೆ. ಅಚ್ಚಿಗೆ ಹೋಗಲು ಹೆಚ್ಚು ದಿನ ಉಳಿದಿಲ್ಲ ಎಂದು ಅವರು ಫೋನು ಇಟ್ಟರು.

ಚಿತ್ರಗಳ ಪ್ರಿಂಟು ಹಾಕಿಸಿಕೊಂಡು ಹೋದೆ. ನೀಲವ್ವ ಒಬ್ಬರೇ ಇದ್ದರು. ಬಾಗಿಲಿಗೆ ಬಂದವರು ಹೊಸ್ತಿಲನ್ನು ಮೊದಲು ಪಾದದಿಂದ ಮುಟ್ಟಿ ನೋಡಿ ಆಮೇಲೆ ದಾಟಿದರು. ಮೊದಲ ದಿನವೂ ಹಾಗೇ ಮಾಡಿದ್ದಿರಬೇಕು. ಪ್ರಿಂಟುಗಳನ್ನು ಕೊಟ್ಟಾಗ ಒಂದೊಂದನ್ನೂ ಕಣ್ಣಿನ ನೇರಕ್ಕೆ ಹಿಡಿದು, ಚೂರುಚೂರೇ ಸರಿಸುತ್ತ ನೋಡಿದರು. ಲಾಳಿ ಇರುವ ಜಾಗಕ್ಕೆ ಬಂದಾಗ ಕೈ ನಿಂತಿತು.

“ಎಷ್ಟ ದಿನ ಆತ್ರಿ ಹಿಂಗಾಗಿ?” ಎಂದೆ.

ಅವರು ಆ ಪ್ರಿಂಟನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, “ವರ್ಷದ ಮ್ಯಾಲಾತು. ಎದರಿಗಿಂದು ಕಾಣತೈತ್ರಿ, ಎಳಿ ಸುದ್ದಾ ಕಾಣತೈತಿ. ಮಗ್ಗಲದ್ದು ಕಾಣಂಗಿಲ್ಲ,” ಎಂದರು.

“ಮನ್ಯಾಗ ಹೇಳಿಲ್ಲೇನ್ರಿ?”

“ಹೇಳಿದ್ರ ಮಗ್ಗ ಬಿಡಸ್ತಾರ. ಸಾವಕಾರ್ರಿಗೆ ಗೊತ್ತಾದ್ರ ನೂಲು ಕೊಡಂಗಿಲ್ಲ. ಮಗ್ಗ ಬಿಟ್ಟು ನಾ ಏನ್ ಮಾಡ್ಲಿ? ಇದನ್ನ ಯಾರಿಗೂ ತೋರಸಬ್ಯಾಡ್ರಿ ಬಾಯಾರ.”

ಪತ್ರಿಕೆಯಲ್ಲಿ ಬರುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಬಾಗಲಕೋಟೆಗೆ ಬಂದು ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ ಎಂದು ಕೇಳಿಕೊಂಡೆ. ಅವರು ಪ್ರಿಂಟುಗಳನ್ನು ಬೋರಲು ಮಾಡಿ ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಮಾನಪ್ಪ ಊಟಕ್ಕೆಂದು ಮನೆಗೆ ಬಂದರು. ಫೋಟೋ ಬಂದಿವೆ ಎಂದು ಸಂತೋಷದಿಂದ ಕೈಗೆತ್ತಿಕೊಂಡರು. ಕಿತ್ತುಕೊಳ್ಳಲು ನೀಲವ್ವ ಕೈ ಚಾಚಿದರು, ಮಾನಪ್ಪ ಆ ಪಕ್ಕದಲ್ಲಿ ಇರಲಿಲ್ಲ.

ಮಾನಪ್ಪ ಮೂರನೆಯ ಚಿತ್ರಕ್ಕೆ ನಿಂತರು. ಮತ್ತೆ ಮೊದಲಿಂದ ನೋಡಿದರು. “ಲಾಳಿ ಇಲ್ಲೇ ಐತಲ್ಲ,” ಎಂದರು ಮೆಲ್ಲಗೆ. “ಏನ್ ಹುಡುಕಾಕತ್ತಿದ್ದಿ ನೀ?”

ನೀಲವ್ವ ತಲೆ ತಗ್ಗಿಸಿದರು. ಮಾನಪ್ಪ ಹೆಂಡತಿಯ ಕಿವಿಯ ಪಕ್ಕ ತಮ್ಮ ಕೈ ಚಾಚಿ ಅಲ್ಲಾಡಿಸಿದರು, ಮುಂದಕ್ಕೆ ತಂದು ಅಲ್ಲಾಡಿಸಿದರು. ಕೈ ಅವರ ಮೂಗಿನ ನೇರಕ್ಕೆ ಬರುವವರೆಗೂ ನೀಲವ್ವನ ಕಣ್ಣು ಕದಲಲಿಲ್ಲ. ಆಮೇಲೆ ಮಾನಪ್ಪ ನನ್ನ ಕಡೆ ತಿರುಗಿದರು. ಧ್ವನಿ ಏರಿರಲಿಲ್ಲ.

“ಮಗ್ಗದ ಫೋಟೋ ಅಂದ್ರಿ. ನಮ್ಮಾಕಿ ಕಣ್ಣಿನ ಫೋಟೋ ತಗದ್ರಿ.”

ಡಾಕ್ಟರರ ವಿಳಾಸ ಬರೆದುಕೊಟ್ಟು, ಆ ಪ್ರಿಂಟುಗಳನ್ನು ಅಲ್ಲೇ ಬಿಟ್ಟು ಎದ್ದೆ. ಬಸ್ಸಿನಲ್ಲಿ ಕೂತರೂ ಆ ಮಾತು ಕಿವಿಯಲ್ಲಿ ಉಳಿದಿತ್ತು. ಅವರು ಬರುವುದಿಲ್ಲ ಎಂದೇ ನಂಬಿದ್ದೆ.

ಮುಂದಿನ ವಾರ ಗಂಡಹೆಂಡತಿ ಇಬ್ಬರೂ ಬಂದರು. ನಾನೂ ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ಕಣ್ಣಿನ ಒತ್ತಡ ನೋಡಿದರು, ಆಮೇಲೆ ನೋಟದ ಹರವು ಅಳೆಯುವ ಯಂತ್ರದ ಮುಂದೆ ಕೂರಿಸಿದರು. ನಡುವಿನ ದೀಪವನ್ನೇ ದಿಟ್ಟಿಸುತ್ತ, ಸುತ್ತ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಪರೀಕ್ಷೆ ಮುಗಿದು ಬಂದ ಹಾಳೆಯಲ್ಲಿ ನಡುವೆ ಒಂದು ಸಣ್ಣ ಬೆಳ್ಳಗಿನ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪು. ಎಡಗಣ್ಣಿನದು ಇನ್ನೂ ಕಪ್ಪು. ನೀಲವ್ವ ಅದನ್ನು ನೋಡಿ, “ಬೆಳಕು ಬಂದಾಗೆಲ್ಲಾ ಒತ್ತಿದ್ನಲ್ರೀ. ಒಂದೂ ಬಿಟ್ಟಿಲ್ಲ,” ಎಂದರು.

ಡಾಕ್ಟರು ಇದಕ್ಕೆ ಗ್ಲಾಕೋಮಾ ಎಂದು ಹೆಸರು ಹೇಳಿದರು. ಕಣ್ಣಿನೊಳಗಿನ ಒತ್ತಡದಿಂದ ನರ ಸಾಯುತ್ತ ಬರುತ್ತದೆ, ನೋವಿರುವುದಿಲ್ಲ, ಸಾಮಾನ್ಯವಾಗಿ ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ಹೋದದ್ದು ಮರಳಿ ಬರುವುದಿಲ್ಲ. ದಿನವೂ ತಪ್ಪದೆ ಔಷಧದ ಹನಿ ಹಾಕಿದರೆ ಇದ್ದದ್ದನ್ನು ಉಳಿಸಲು ನೋಡಬಹುದು.

“ಹ್ವಾದ ವರ್ಷ ಬಂದಿದ್ರ?” ಎಂದು ಕೇಳಿದರು ಮಾನಪ್ಪ.

“ಇನ್ನಷ್ಟು ಉಳಿತಿತ್ತು,” ಎಂದರು ಡಾಕ್ಟರು. “ಇನ್ನೊಂದು ವರ್ಷ ಬಿಟ್ಟಿದ್ರ ಇಷ್ಟೂ ಇರ್ತಿರಲಿಲ್ಲ.”

ಮಾನಪ್ಪ ಹೊರಗೆ ಬಂದು ಗೋಡೆಗೆ ಒರಗಿ ನಿಂತರು. ಹೆಂಡತಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ಮುಖಪುಟದ ಚಿತ್ರ ಕೊಡುವುದಿಲ್ಲ ಎಂದು ನಾನು ಸಂಪಾದಕರಿಗೆ ಬರೆದು ತಿಳಿಸಿದೆ. ಕಳಿಸಿದ್ದನ್ನು ಅಳಿಸಲು ಕೇಳಿಕೊಂಡು, ನನ್ನ ಕಂಪ್ಯೂಟರಿನಲ್ಲಿದ್ದುದನ್ನೂ ಅಳಿಸಿದೆ. ಕಾರಣ ಹೇಳಲಿಲ್ಲ, ಅದು ನಾನು ಹೇಳುವ ವಿಷಯವಾಗಿರಲಿಲ್ಲ. ಸಂಚಿಕೆ ಬಾದಾಮಿಯ ಕೆರೆಯ ಚಿತ್ರ ಹೊತ್ತು ಬಂತು. ಸಂಪಾದಕರ ಫೋನು ಕ್ರಮೇಣ ಕಡಿಮೆಯಾಯಿತು.

ಆದರೆ ಮಾತು ಕಾಪಾಡಿದ್ದರಿಂದ ನೀಲವ್ವನ ಮಗ್ಗವೇನೂ ಉಳಿಯಲಿಲ್ಲ. ಗಂಡಹೆಂಡತಿ ಬಾಗಲಕೋಟೆಯ ದವಾಖಾನೆಗೆ ಹೋಗಿ ಬಂದದ್ದು ಓಣಿಗೆ ತಿಳಿಯಿತು, ಓಣಿಯಿಂದ ಸಾವಕಾರರಿಗೆ. ಮಗ್ಗದ ಮೇಲಿದ್ದ ಹಾಸು ಮುಗಿದ ಮೇಲೆ ಹೊಸ ಹಾಸು ಬರಲಿಲ್ಲ. ಇದನ್ನು ಮಾನಪ್ಪ ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಇಟ್ಟುಬಿಟ್ಟರು. ಆ ಕೆಲವು ತಿಂಗಳು ನಾನು ಮಾಡಿದ್ದು ಸರಿಯೋ ಎಂದು ನನಗೇ ತಿಳಿಯದೆ ಕಳವಳಪಟ್ಟಿದ್ದೇನೆ. ನೋಟದ ಸ್ವಲ್ಪ ಭಾಗ ಉಳಿಯಿತು, ಆ ನೋಟದಿಂದ ಅವರು ಮಾಡಬೇಕೆಂದಿದ್ದ ಕೆಲಸ ಹೋಯಿತು. ಒಂದರ ಎದುರು ಇನ್ನೊಂದನ್ನು ತೂಗುವ ತಕ್ಕಡಿ ನನ್ನ ಬಳಿ ಇರಲಿಲ್ಲ. ಈಗಲೂ ಇಲ್ಲ.

ಮರುವರ್ಷ ಬೇರೆ ಕೆಲಸಕ್ಕೆ ಇಳಕಲ್ಲಿಗೆ ಹೋದಾಗ, ಬೈಸಿಕೊಂಡರೂ ಸರಿಯೆಂದು ಆ ಮನೆಗೆ ಹೋದೆ. ಮಗ್ಗಕ್ಕೆ ಹಳೆಯ ಸೀರೆ ಹೊದಿಸಿತ್ತು. ನೀಲವ್ವ ಪಡಸಾಲೆಯಲ್ಲಿ ಕೂತು, ನೆರೆಮನೆಯ ಮಗ್ಗಗಳಿಗೆ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಬರ್ರಿ ಎಂದರು. ಚಹಾ ಕೊಟ್ಟರು. ಹನಿ ಹಾಕುತ್ತೀರಾ ಎಂದು ಕೇಳಿದೆ.

“ಅವ್ರ ಹಾಕ್ತಾರ, ಎರಡೂ ಹೊತ್ತು. ಮಾತ ಆಡಂಗಿಲ್ಲ, ಹಾಕೂದು ಮಾತ್ರ ಬಿಡಂಗಿಲ್ಲ.” ಕಂಡಿಕೆಯ ನೂಲು ಸರಿಮಾಡುತ್ತ ಹೇಳಿದರು, “ನಿಮ್ಮ ಮ್ಯಾಲೆ ನನಗ ಭಾಳ ಸಿಟ್ಟಿತ್ರಿ ಬಾಯಾರ. ಇನ್ನೂ ಪೂರಾ ಹೋಗಿಲ್ಲ.”

“ಇರಲಿ ಬಿಡ್ರಿ ನೀಲಕ್ಕ,” ಎಂದೆ.

ಹೊರಡುವ ಮುಂಚೆ ಅವರೇ, ಕ್ಯಾಮೆರಾ ತಂದಿಲ್ಲವೇ ಎಂದು ಕೇಳಿದರು. ಕೈಯಲ್ಲಿ ಹಿಡಿದೇ ಕೆಲವು ತೆಗೆದೆ. ಪಕ್ಕದಲ್ಲಿ ಕೂತು, ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಒಂದೊಂದನ್ನೂ ತೋರಿಸಿದೆ. ಅವರು ಪರದೆಯನ್ನು ತಮ್ಮ ಕಣ್ಣಿನ ನೇರಕ್ಕೆ ಎಳೆದುಕೊಂಡು, ಮೂಲೆಮೂಲೆಯನ್ನೂ ಬಿಡದೆ ನೋಡಿದರು. ಅವಸರವಿರಲಿಲ್ಲ.

ಆ ಪ್ರಕರಣದ ನಂತರ ನಾನು ಹೀಗೆ ಪಕ್ಕದಲ್ಲಿ ಕೂತು ತೋರಿಸುವುದನ್ನೇ ಕೆಲಸದ ಕ್ರಮ ಮಾಡಿಕೊಂಡೆ. ಸಣ್ಣ ಟ್ರೈಪಾಡ್ ನನ್ನ ಚೀಲದಲ್ಲಿ ಈಗಲೂ ಇದೆ; ಭುಜ ನೋಯುವವರಿಗೆ, ಬಸ್ಸಿನಲ್ಲಿ ತಿರುಗುವವರಿಗೆ ಅದಕ್ಕಿಂತ ಅನುಕೂಲದ ಸಾಮಾನಿಲ್ಲ. ಗುಡಿಯಲ್ಲಿ, ಬೆಟ್ಟದಲ್ಲಿ, ಕೆರೆಯ ದಂಡೆಯಲ್ಲಿ ಅದನ್ನು ಸುತ್ತಿ ಬಿಟ್ಟು ದೂರ ಕೂರುತ್ತೇನೆ. ಮನುಷ್ಯರಿರುವ ಕೋಣೆಯಲ್ಲಿ ಮಾತ್ರ ಕ್ಯಾಮೆರಾ ಬಿಟ್ಟು ಹೊರಗೆ ಹೋಗುವುದಿಲ್ಲ. ಯಾರ ಚಿತ್ರ ತೆಗೆದೆನೋ ಅವರು ಎಲ್ಲವನ್ನೂ ನೋಡಿ, ಇರಲಿ ಎಂದದ್ದನ್ನಷ್ಟೇ ಊರು ದಾಟಿಸುತ್ತೇನೆ. ಮೊದಲು ಹೂಂ ಅಂದದ್ದು ಸಾಕು ಎಂದು ಈ ಕೆಲಸದಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ತೆಗೆಯುವ ಮೊದಲು ಯಾರಿಗೂ ಗೊತ್ತಿರುವುದಿಲ್ಲ, ಚಿತ್ರದಲ್ಲಿ ಏನು ಬಂದೀತು ಎಂದು. ತೆಗೆಯುವವರಿಗೂ ಇಲ್ಲ, ತೆಗೆಸಿಕೊಳ್ಳುವವರಿಗೂ ಇಲ್ಲ.

ಅಂದು ನೀಲವ್ವ ಎಲ್ಲವನ್ನೂ ನೋಡಿ ಮುಗಿಸಿ, ಕಂಡಿಕೆ ಹಿಡಿದ ಬೆರಳಿನಿಂದ ಪರದೆಯನ್ನು ಮುಟ್ಟಿ ಹೇಳಿದರು:

“ಇದೊಂದು ಇಡ್ರಿ. ಉಳದದ್ದೆಲ್ಲಾ ತಗದಹಾಕ್ರಿ.”

ಅವರ ಎದುರಿಗೇ ತೆಗೆದುಹಾಕಿದೆ.